ಮೆಣಸಿನ ಬಳ್ಳಿಗೆ ಆಸರೆ ಯಾವುದು, ಅಪಾಯ ಎಲ್ಲಿಂದ?

ಓದುಗರ ಪ್ರಶ್ನೆ: "ನಾವು ಸಿದ್ದಾಪುರ ಕಡೆಯವರು. ಗೋವಾದ ಪೋಂಡಾ ಹತ್ತಿರ ಮನೆ ಕಟ್ಟಿಕೊಂಡಿದ್ದೇವೆ. ಹಿತ್ತಲಲ್ಲಿ ಎರಡು ತೆಂಗು, ಒಂದು ಮಾವು, ಒಂದು ಹಲಸು, ಮೂಲೆಯಲ್ಲಿ ಬಾಳೆ ಇವೆ. ತವರಿನಿಂದ ಮಲ್ಲಿಗೆಸರ ತಳಿಯ ಮೆಣಸಿನ ಬಳ್ಳಿ ತಂದು ನಾಲ್ಕೂ ಮರಕ್ಕೆ ಹಬ್ಬಿಸಿದ್ದೆ. ಮನೆ ಖರ್ಚಿಗೆ ಸಾಕಾಗುವಷ್ಟು ಕಾಳುಮೆಣಸು ಸಿಗುತ್ತಿತ್ತು. ಕಳೆದ ಆಗಸ್ಟ್‌ನಲ್ಲಿ ತೆಂಗಿನ ಒಂದು ಬಳ್ಳಿ ಇದ್ದಕ್ಕಿದ್ದಂತೆ ಎಲೆ ಉದುರಿಸಿತು. ಎರಡೇ ವಾರದಲ್ಲಿ ಒಣಗಿ ಹೋಯಿತು. ಇನ್ನೊಂದು ತೆಂಗಿನ ಬಳ್ಳಿ ದೀಪಾವಳಿ ಆದಮೇಲೆ ಹಳದಿಯಾಗುತ್ತಾ ಬಂದಿದೆ. ಮಾವಿನದು ಮೇಲೆ ಮೇಲೆ ಹೋಗಿದೆ, ಕೆಳಗೆ ಬರೀ ಕಾಂಡ. ಹಲಸಿನದು ಮಾತ್ರ ಚೆನ್ನಾಗಿದೆ. ಪಕ್ಕದ ಮನೆಯವರು ‘ಬಳ್ಳಿ ಮರದ ರಸ ಹೀರುತ್ತೆ, ಮಾವು ಒಣಗುತ್ತೆ, ತೆಗೆಸಿ’ ಅಂತಾರೆ. ಅತ್ತೆ ಬುಡಕ್ಕೆ ಉಪ್ಪು, ಸುಣ್ಣ ಹಾಕು ಅಂತಾರೆ. ಯಜಮಾನರು ಮರದ ಗೊಡವೆಯೇ ಬೇಡ, ಪೈಪು ನಿಲ್ಲಿಸಿ ಹಬ್ಬಿಸೋಣ ಅಂತಾರೆ. ಮಳೆಗೆ ಇನ್ನೊಂದು ತಿಂಗಳಿದೆ. ಯಾರ ಮಾತು ಕೇಳಲಿ? ಫೋಟೋ ಕಳಿಸಿದ್ದೇನೆ."

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆ ಹಲವು, ಚಿಂತೆ ಒಂದೇ. ಉಳಿದ ಮೂರು ಬಳ್ಳಿಗಳೂ ಈ ಮಳೆಗಾಲದಲ್ಲಿ ಹೋಗಿಬಿಟ್ಟರೆ ಏನು ಗತಿ ಅಂತ. ಅದರಲ್ಲೂ ತವರಿನಿಂದ ತಂದ ಬಳ್ಳಿ. ಸಂಕಟ ಆಗುವುದು ಸಹಜ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಳ್ಳಿ ಯಾವುದಕ್ಕೆ ಹಬ್ಬಬೇಕು ಅಂತ ನಿಮ್ಮ ಮನೆಯಲ್ಲಿ ಚರ್ಚೆ ನಡೆದಿದೆ. ಆದರೆ ಸತ್ತ ಬಳ್ಳಿಗೆ ಆಸರೆಯಿಂದ ತೊಂದರೆ ಆಗಲಿಲ್ಲ. ಬುಡದಲ್ಲಿ ನಿಂತ ನೀರಿನಿಂದ ಆಯಿತು. ಹಾಗಾಗಿ ಮೊದಲು ಬುಡದ ವಿಚಾರ ಮಾತಾಡೋಣ, ಆಸರೆ ಆಮೇಲೆ.

ನಿಮ್ಮ ಫೋಟೋದಲ್ಲಿ ಎರಡು ಸಂಗತಿ ಕಣ್ಣಿಗೆ ಬಿದ್ದವು. ತೆಂಗಿನ ಸುತ್ತ ದುಂಡಗೆ ಪಾತಿ ಮಾಡಿದ್ದೀರಿ, ಬಳ್ಳಿ ಆ ಪಾತಿಯ ಒಳಗೇ ಇದೆ. ಹಿಂದೆ ಮಾಡಿನ ನೀರು ಇಳಿಯುವ ಪೈಪು ಕಾಣುತ್ತದೆ, ಅದರ ಬಾಯಿ ಇರುವುದು ಆ ತೆಂಗಿನ ಕಡೆಗೇ. ತೆಂಗಿಗೆ ಪಾತಿ ಒಳ್ಳೆಯದು. ಗೋವಾದಲ್ಲೂ ನಮ್ಮ ಕರಾವಳಿಯಲ್ಲೂ ತಲೆತಲಾಂತರದಿಂದ ಮಾಡುತ್ತಾ ಬಂದ ಕೆಲಸ ಅದು. ಆದರೆ ಅದೇ ಪಾತಿಯಲ್ಲಿ ಮೆಣಸಿನ ಬಳ್ಳಿ ಇದ್ದರೆ ಮಳೆಗಾಲದ ನಾಲ್ಕು ತಿಂಗಳು ಅದು ನೀರಲ್ಲಿ ನಿಂತ ಹಾಗೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಹೆಚ್ಚುಕಡಿಮೆ ಅಷ್ಟೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಜಂಬಿಟ್ಟಿಗೆ ಮಣ್ಣಿನ ಇಳಿಜಾರಲ್ಲಿ ನೀರು ಬೇಗ ಬಸಿಯುತ್ತದೆ, ಸರಿ. ಹೊಸ ಮನೆ ಕಟ್ಟುವಾಗ ಹೊರಗಿನ ಮಣ್ಣು ತುಂಬಿಸಿ ಒತ್ತಿ ಸಮ ಮಾಡಿದ ಅಂಗಳದಲ್ಲಿ ಹಾಗೆ ಬಸಿಯುವುದಿಲ್ಲ.

ಎಲೆ ಉದುರಿ ಎರಡು ವಾರದಲ್ಲಿ ಬಳ್ಳಿ ಸಾಯುವುದು ಶೀಘ್ರ ಸೊರಗು ರೋಗದ ಲಕ್ಷಣ. ಮಲೆನಾಡಿನಲ್ಲಿ ಬರೀ "ಸೊರಗು ರೋಗ" ಅಂದರೂ ಸಾಕು, ನೀವು ಕೇಳಿಯೇ ಇರುತ್ತೀರಿ. ಇದಕ್ಕೆ ಕಾರಣ ಫೈಟಾಫ್ಥೊರ ಎಂಬ ಸೂಕ್ಷ್ಮಜೀವಿ. ಶಿಲೀಂಧ್ರ ಅಂತ ಕರೆದರೂ ಇದರ ಗುಣ ಬೇರೆ. ಇದರ ಬೀಜಕಣಗಳಿಗೆ ಬಾಲ ಇರುತ್ತದೆ, ನೀರಲ್ಲಿ ಈಜುತ್ತವೆ. ಮಣ್ಣಿನ ಕಣಗಳ ನಡುವೆ ನೀರು ತುಂಬಿಕೊಂಡರೆ ಸಾಕು, ಒಂದು ಬೇರಿನಿಂದ ಇನ್ನೊಂದು ಬೇರಿಗೆ ಹೋಗುತ್ತವೆ. ಮಳೆಹನಿ ನೆಲಕ್ಕೆ ಬಡಿದು ಸಿಡಿದಾಗ ಕೆಳಗಿನ ಎಲೆಗೂ ಹತ್ತುತ್ತವೆ. ಎಲೆಯ ಮೇಲೆ ಕಪ್ಪನೆ ಒದ್ದೆ ಚುಕ್ಕೆ, ಅಂಚು ಎಳೆ ಎಳೆಯಾಗಿ ಹರಡಿದ್ದರೆ ಅದೇ. ಹಸಿರು ಎಲೆಯೇ ಉದುರುತ್ತದೆ, ಗೆಣ್ಣು ಗೆಣ್ಣಿನಲ್ಲಿ ಬಳ್ಳಿ ಕಳಚುತ್ತದೆ, ಬುಡದ ತೊಗಟೆ ಕಪ್ಪಾಗಿ ಕೊಳೆಯುತ್ತದೆ.

ಜೂನ್, ಜುಲೈ ಪೂರ್ತಿ ಬಳ್ಳಿ ಹಸಿರಾಗೇ ಇತ್ತು ಅಲ್ವಾ? ಮಳೆ ಸ್ವಲ್ಪ ಬಿಡುವು ಕೊಟ್ಟು ಬಿಸಿಲು ಬಂದಾಗ ಸೊರಗಿರಬೇಕು. ತುಂಬಾ ಜನ "ಬಿಸಿಲು ಬಡಿಯಿತು" ಅಂದುಕೊಂಡು ಮತ್ತೆ ನೀರು ಹಾಕುತ್ತಾರೆ. ನಿಜವಾಗಿ ಬೇರು ಮಳೆಯಲ್ಲೇ ಕೊಳೆತಿರುತ್ತದೆ. ಮೋಡ ಇರುವ ತನಕ ಎಲೆಗೆ ಹೆಚ್ಚು ನೀರು ಬೇಕಾಗಿಲ್ಲ, ಉಳಿದ ಚೂರುಪಾರು ಬೇರಿನಲ್ಲೇ ಸುಧಾರಿಸುತ್ತದೆ. ಬಿಸಿಲು ಬಿದ್ದ ದಿನ ಬೇರು ಕೊಡಲಾರದು. ರೋಗ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಔಷಧಿಯ ಕಾಲ ಮುಗಿದಿರುತ್ತದೆ. ಅದಕ್ಕೇ ನಿಮಗೆ ಈ ಒಂದು ತಿಂಗಳು ಇಷ್ಟು ಮುಖ್ಯ.

ಈ ವಾರದಲ್ಲೇ ಮಾಡಬೇಕಾದ ಕೆಲಸ ಗುದ್ದಲಿಯದು. ಮಾಡಿನ ನೀರಿನ ಪೈಪನ್ನು ಬೇರೆ ಕಡೆ ತಿರುಗಿಸಿ. ಬಳ್ಳಿ ಇರುವ ಬದಿಯಲ್ಲಿ ತೆಂಗಿನ ಪಾತಿಯ ಅಂಚು ಒಡೆಯಿರಿ. ಬಳ್ಳಿಯ ಬುಡಕ್ಕೆ ಮಣ್ಣು ಏರಿಸಿ, ನೀರು ಸುತ್ತಲೂ ಹೊರಕ್ಕೆ ಇಳಿಯುವಂತೆ ಗುಡ್ಡೆ ಮಾಡಿ. ಇಳಿಜಾರಿನ ಕಡೆಗೆ ಒಂದು ಅಡಿ ಆಳದ ಬಸಿಗಾಲುವೆ ತೋಡಿ. ಸತ್ತ ಬಳ್ಳಿಯ ಜಾಗದಿಂದ ಬರುವ ನೀರು ಬದುಕಿರುವ ಬಳ್ಳಿಯ ಬುಡ ದಾಟಿ ಹೋಗಬಾರದು, ಇದನ್ನು ಮರೆಯಬೇಡಿ. ಮಳೆ ಶುರುವಾದ ಮೇಲೆ ಬುಡದಲ್ಲಿ ಗುದ್ದಲಿ ಹಾಕಲೇಬೇಡಿ. ಬೇರಿಗೆ ಆದ ಗಾಯವೇ ರೋಗಕ್ಕೆ ಬಾಗಿಲು. ಕಳೆಯನ್ನು ಕತ್ತಿಯಿಂದ ಸವರಿ, ಬೇರು ಕೀಳಬೇಡಿ. ನೆಲ ಹಸಿರಾಗಿದ್ದರೆ ಮಳೆಹನಿ ಸಿಡಿಯುವುದೂ ಕಡಿಮೆ.

ಈಗ ಅತ್ತೆಯವರ ಮಾತು. ಸುಣ್ಣ ಸರಿ, ಉಪ್ಪು ಬೇಡ. ನಮ್ಮ ಕರಾವಳಿ ಮಣ್ಣು ಹುಳಿ ಮಣ್ಣು. ಎರಡು ವರ್ಷಕ್ಕೊಮ್ಮೆ ಏಪ್ರಿಲ್–ಮೇನಲ್ಲಿ ಬಳ್ಳಿಗೆ ಅರ್ಧ ಕಿಲೋ ಸುಣ್ಣ ಹಾಕಿ ಮಣ್ಣಿಗೆ ಸೇರಿಸುವುದು ಒಳ್ಳೆಯ ಪದ್ಧತಿ. ಉಪ್ಪನ್ನು ತೆಂಗಿಗೆ ಹಾಕುವುದುಂಟು, ತೆಂಗು ತಡೆದುಕೊಳ್ಳುತ್ತದೆ. ಮೆಣಸಿನ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಬಹಳ ಸೂಕ್ಷ್ಮ. ಉಪ್ಪು ಅದನ್ನು ಸುಡುತ್ತದೆ. ಹಸಿ ಸಗಣಿಯನ್ನು ಕಾಂಡಕ್ಕೆ ಒತ್ತಿ ಹಾಕುವುದೂ ಬೇಡ.

ಔಷಧಿಯಲ್ಲಿ ನಂಬಿಕೆಗೆ ಅರ್ಹವಾದದ್ದು ನಮ್ಮ ಹಳೆಯ ಬೋರ್ಡೋ ದ್ರಾವಣವೇ. ಅಡಿಕೆ ಕೊಳೆರೋಗಕ್ಕೆ ಹೊಡೆಯುವುದನ್ನು ಊರಲ್ಲಿ ನೋಡಿದ್ದೀರಿ. ಹತ್ತು ಲೀಟರಿಗೆ 100 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), 100 ಗ್ರಾಂ ಸುಣ್ಣ ಸಾಕು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಐದೈದು ಲೀಟರ್ ನೀರಲ್ಲಿ ಕರಗಿಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕದಡಿ. ಹೊಳೆಯುವಂತೆ ತಿಕ್ಕಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನೊಂದಿಷ್ಟು ಸೇರಿಸಿ. ಅದೇ ದಿನ ಬಳಸಿ ಮುಗಿಸಬೇಕು, ಇಟ್ಟರೆ ಕೆಡುತ್ತದೆ. ಮಳೆ ಹಿಡಿಯುವ ಮೊದಲು ಒಮ್ಮೆ ಎಲೆಯ ಎರಡೂ ಬದಿಗೆ, ಬುಡದ ಕಾಂಡಕ್ಕೆ ಸಿಂಪಡಿಸಿ. ಆಗಸ್ಟ್ ಹೊತ್ತಿಗೆ ಮಳೆ ಬಿಟ್ಟ ದಿನ ನೋಡಿ ಇನ್ನೊಮ್ಮೆ. ಬುಡದ ಮಣ್ಣಿಗೆ ಬೋರ್ಡೋ ಬದಲು ತಾಮ್ರದ ಆಕ್ಸಿಕ್ಲೋರೈಡನ್ನು ಲೀಟರಿಗೆ ಎರಡರಿಂದ ಎರಡೂವರೆ ಗ್ರಾಂನಂತೆ ಕಲಸಿ, ಬಳ್ಳಿಗೆ ಐದಾರು ಲೀಟರ್ ಸುರಿಯುವುದು ಸುಲಭ.

ಇದರಲ್ಲಿ ಅಪಾಯವೂ ಇದೆ. ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ, ಕರಗಿ ಹೋಗುವುದಿಲ್ಲ. ಹೆದರಿಕೆಯಿಂದ ತಿಂಗಳಿಗೊಮ್ಮೆ ಹೊಡೆದರೆ ಎರೆಹುಳುವಿಗೂ ಒಳ್ಳೆಯ ಸೂಕ್ಷ್ಮಜೀವಿಗಳಿಗೂ ಹಾನಿ. ಮೀನಿಗೆ ತಾಮ್ರ ವಿಷ. ಬಾವಿ, ತೊಟ್ಟಿಯ ಹತ್ತಿರ ಸುರಿಯಬೇಡಿ. ಬಳ್ಳಿಯ ಕೆಳಗೆ ಬಸಳೆ, ಹರಿವೆ ಬೆಳೆಸಿದ್ದರೆ ಮೊದಲು ಕೊಯ್ದುಕೊಳ್ಳಿ. ಕೈಗವಸು ಹಾಕಿ, ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ದೂರ ಇರಲಿ.

ತಾಮ್ರ ಬೇಡ ಅನ್ನುವವರಿಗೆ ಪೊಟ್ಯಾಸಿಯಂ ಫಾಸ್ಫೊನೇಟ್ ಇದೆ. ಲೀಟರಿಗೆ ಮೂರು ಮಿಲಿ ಹಾಕಿ ಎಲೆಗೆ ಹೊಡೆದರೆ ಒಳಗಿಂದ ಬೇರಿಗೂ ಇಳಿಯುತ್ತದೆ. ಬೋರ್ಡೋ ಜೊತೆ ಬೆರೆಸಬಾರದು. ಎರಡಕ್ಕೂ ನಡುವೆ ಎರಡು ವಾರ ಬಿಡಿ. ಇನ್ನೊಂದು ದಾರಿ ಟ್ರೈಕೋಡರ್ಮಾ. ಇದು ರೋಗದ ಶಿಲೀಂಧ್ರವನ್ನು ತಿನ್ನುವ ಒಳ್ಳೆಯ ಶಿಲೀಂಧ್ರ. ಬಳ್ಳಿಗೆ 50 ಗ್ರಾಂ ಪುಡಿಯನ್ನು ಒಂದು ಕಿಲೋ ಬೇವಿನ ಹಿಂಡಿ ಮತ್ತು ಕಳಿತ ಗೊಬ್ಬರದಲ್ಲಿ ಬೆರೆಸಿ ಮಳೆಯ ಆರಂಭದಲ್ಲಿ ಬುಡಕ್ಕೆ ಕೊಡಬೇಕು. ಆದರೆ ಬುಡಕ್ಕೆ ತಾಮ್ರ ಸುರಿದು ಅದರ ಬೆನ್ನಿಗೇ ಟ್ರೈಕೋಡರ್ಮಾ ಹಾಕಿದರೆ ದುಡ್ಡು ದಂಡ. ತಾಮ್ರ ಅದನ್ನೂ ಕೊಲ್ಲುತ್ತದೆ. ನಿಮ್ಮ ಹಿತ್ತಲಿಗೆ ನನ್ನ ಸಲಹೆ ಹೀಗೆ: ಎಲೆಗೆ ಬೋರ್ಡೋ, ಬುಡಕ್ಕೆ ಟ್ರೈಕೋಡರ್ಮಾ ಮತ್ತು ಬೇವಿನ ಹಿಂಡಿ. ಬಳ್ಳಿ ಸತ್ತ ಜಾಗಕ್ಕೆ ಮಾತ್ರ ತಾಮ್ರ. ಅಲ್ಲಿನ ಬೇರನ್ನೆಲ್ಲ ಅಗೆದು ಸುಟ್ಟು, ಒಂದು ವರ್ಷ ಖಾಲಿ ಬಿಡಿ.

ಹಳದಿಯಾಗುತ್ತಿರುವ ಬಳ್ಳಿಯ ಕತೆ ಬಹುಶಃ ಬೇರೆ. ಮಳೆಗಾಲ ಮುಗಿದ ಮೇಲೆ ನಿಧಾನ ಹಳದಿಗೆ ತಿರುಗುವುದು, ಬೇಸಿಗೆಯಲ್ಲಿ ತುದಿ ಒಣಗುವುದು, ಮಳೆ ಬಿದ್ದೊಡನೆ ಚಿಗುರುವುದು. ಚಿಗುರಿದಾಗ ಗುಣವಾಯಿತು ಅಂದುಕೊಳ್ಳುತ್ತೇವೆ. ಮುಂದಿನ ವರ್ಷ ಮತ್ತೆ ಅದೇ, ಸ್ವಲ್ಪ ಜಾಸ್ತಿ. ಕೆಲವು ವರ್ಷದಲ್ಲಿ ಬಳ್ಳಿ ಹೋಗುತ್ತದೆ. ಇದು ನಿಧಾನ ಸೊರಗು ರೋಗ. ಇದರ ಮುಖ್ಯ ಕಾರಣ ಬೇರಿನೊಳಗೆ ಸೇರುವ ಜಂತುಹುಳು. ಬುಡದಿಂದ ಒಂದಡಿ ದೂರದಲ್ಲಿ ಕೈಯಿಂದ ಮಣ್ಣು ಸರಿಸಿ ನಾಲ್ಕು ಎಳೆ ಬೇರು ತೆಗೆದು ತೊಳೆದು ನೋಡಿ. ಸಣ್ಣ ಸಣ್ಣ ಗಂಟು ಇದ್ದರೆ ಗಂಟುಬೇರಿನ ಹುಳು. ಗಂಟಿಲ್ಲದೆ ಕಂದು ಗಾಯಗಳಿದ್ದರೆ ಬೇರು ಕೊರೆಯುವ ಇನ್ನೊಂದು ಜಾತಿ.

ಇಲ್ಲಿ ನಿಮ್ಮ ಮೂಲೆಯ ಬಾಳೆಯನ್ನು ನಾನು ಅನುಮಾನದಿಂದ ನೋಡುತ್ತೇನೆ. ಬೇರು ಕೊರೆಯುವ ಈ ಹುಳುವಿಗೆ ಬಾಳೆ ಬಹಳ ಇಷ್ಟ. ಶುಂಠಿ, ಅರಿಸಿನ, ಅಡಿಕೆ, ತೆಂಗು ಇವುಗಳಲ್ಲೂ ಬದುಕುತ್ತದೆ. ಕೂಡು ತೋಟದಲ್ಲಿ, ಗೋವಾದವರ ಕುಳಾಗರದಲ್ಲಿ, ಇವೆಲ್ಲ ಒಟ್ಟಿಗೇ ಇರುತ್ತವೆ ನಿಜ. ಅಡಿಕೆ, ತೆಂಗು ಕಡಿಯಲಾಗದು. ಆದರೆ ಬಾಳೆಯನ್ನು ಬಳ್ಳಿಯಿಂದ ದೂರ ಸರಿಸಬಹುದು. ಬಳ್ಳಿಯ ಬುಡದಲ್ಲಿ ಶುಂಠಿ, ಅರಿಸಿನ ಹಾಕದಿರಬಹುದು. ಗಂಟುಬೇರು ಕಂಡರೆ ಸುತ್ತ ಚೆಂಡುಹೂ ನೆಡಿ, ಆ ಜಾತಿಯ ಹುಳುವನ್ನು ಅದು ತಗ್ಗಿಸುತ್ತದೆ. ಬೇವಿನ ಹಿಂಡಿ ಎರಡಕ್ಕೂ ಸಹಾಯ. ಹುಳು ಕೊಲ್ಲುವ ಹರಳು ಔಷಧಿ ಅಂಗಡಿಯಲ್ಲಿ ತೋರಿಸುತ್ತಾರೆ. ಮನೆಯ ಬಾವಿ ಪಕ್ಕದಲ್ಲಿ ಅದನ್ನು ಹಾಕಲು ನಾನು ಒಪ್ಪುವುದಿಲ್ಲ. ಕಣ್ಣಿಗೆ ತಿಳಿಯದಿದ್ದರೆ ಬೇರು ಮತ್ತು ಮಣ್ಣಿನ ಮಾದರಿಯನ್ನು ತಾಲ್ಲೂಕಿನ ಕೃಷಿ ಕಚೇರಿಗೆ ಒಯ್ದು ತೋರಿಸಿ. ಹಳೇ ಗೋವಾದಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ, ಪೋಂಡಾದಿಂದ ದೂರವೇನಲ್ಲ.

ಇನ್ನು ನೆರೆಯವರ ಆರೋಪ. ಮೆಣಸಿನ ಬಳ್ಳಿ ಮರದ ರಸ ಹೀರುವುದಿಲ್ಲ. ಗೆಣ್ಣಿನಲ್ಲಿ ಕಾಣುವ ಗಿಡ್ಡ ಬೇರುಗಳು ತೊಗಟೆ ಹಿಡಿದುಕೊಳ್ಳಲು ಮಾತ್ರ. ಊಟ, ನೀರು ಎಲ್ಲವೂ ನೆಲದ ಬೇರಿನಿಂದ. ಮಾವಿನ ರಸ ಹೀರುವುದು ಬಂದಳಿಕೆ. ಅದು ಕೊಂಬೆಯ ಮೇಲೆ ಹುಟ್ಟಿ ಮರದೊಳಗೇ ಬೇರು ಇಳಿಸುತ್ತದೆ. ಎರಡನ್ನೂ ಒಂದೇ ಅಂದುಕೊಂಡಿರಬೇಕು. ಹಾಗಂತ ಮಾವಿಗೆ ಏನೂ ತೊಂದರೆ ಇಲ್ಲ ಅನ್ನಲಾರೆ. ಬಳ್ಳಿ ಕೊಂಬೆಗಳಿಗೆಲ್ಲ ಹತ್ತಿದರೆ ಮಾವಿನ ಎಲೆಗೆ ಬೆಳಕು ತಪ್ಪುತ್ತದೆ. ಭಾರದಿಂದ ಒಣ ಕೊಂಬೆ ಮುರಿಯಬಹುದು. ಹಣ್ಣು ಕೊಯ್ಯಲು ಹತ್ತಿದವರು ಬಳ್ಳಿ ತುಳಿಯುತ್ತಾರೆ. ಬಳ್ಳಿಯನ್ನು ಮುಖ್ಯ ಕಾಂಡಕ್ಕೆ ಸೀಮಿತ ಮಾಡಿ, ಹದಿನೈದು ಹದಿನೆಂಟು ಅಡಿಗೆ ತುದಿ ಚಿವುಟುತ್ತಿದ್ದರೆ ಎರಡೂ ಬದುಕುತ್ತವೆ.

ಮಾವಿನ ಬಳ್ಳಿ ಕೆಳಗೆ ಬೋಳಾಗಿರುವುದಕ್ಕೆ ಕಾರಣ ನೆರಳು. ಕಾಳು ಬಿಡುವುದು ಅಡ್ಡ ರೆಂಬೆಗಳಲ್ಲಿ. ಅಡ್ಡ ರೆಂಬೆ ಹುಟ್ಟುವುದು ಬೆಳಕು ಬಿದ್ದ ಕಡೆ. ಮಾವಿನ ದಟ್ಟ ನೆರಳಲ್ಲಿ ಬಳ್ಳಿ ಬೆಳಕು ಹುಡುಕುತ್ತಾ ಮೇಲೆ ಓಡಿದೆ. ಮಾವಿನ ಹಣ್ಣು ಮುಗಿದ ಕೂಡಲೇ, ಮಳೆ ಹಿಡಿಯುವ ಮೊದಲು, ಕೆಳಗಿನ ಕೊಂಬೆಗಳನ್ನು ಸವರಿಸಿ. ಜೂನ್–ಜುಲೈ ಬಳ್ಳಿ ಹೂ ಬಿಡುವ ಸಮಯ, ಆಗ ಬೆಳಕು ಬೇಕೇ ಬೇಕು. ಬುಡದಿಂದ ಬರುವ ಹೊಸ ಚಿಗುರಲ್ಲಿ ಎರಡು ಮೂರನ್ನು ಕಾಂಡದ ಬೋಳು ಭಾಗಕ್ಕೆ ಕಟ್ಟಿ. ಬಾಳೆ ನಾರು ಅಥವಾ ಹಳೆಯ ಹತ್ತಿ ಸೀರೆಯ ಪಟ್ಟಿ ಒಳ್ಳೆಯದು. ನೈಲಾನ್ ದಾರ ಕಾಂಡವನ್ನು ಕೊಯ್ಯುತ್ತದೆ. ಗೆಣ್ಣು ಮರಕ್ಕೆ ತಾಗಿರುವಂತೆ ಕಟ್ಟಬೇಕು, ಇಲ್ಲದಿದ್ದರೆ ಬೇರು ಹಿಡಿಯದು. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ನೋಡಿ ಹೊಸದಾಗಿ ಕಟ್ಟುತ್ತಾ ಹೋಗಿ.

ಹಲಸಿನ ಬಳ್ಳಿ ಚೆನ್ನಾಗಿರುವುದು ನನಗೆ ಆಶ್ಚರ್ಯ ತರಲಿಲ್ಲ. ಹಲಸಿನ ತೊಗಟೆ ಒರಟು, ಬೇರು ಗಟ್ಟಿ ಹಿಡಿಯುತ್ತದೆ. ಫೋಟೋದಲ್ಲಿ ಆ ಜಾಗ ಎತ್ತರದಲ್ಲೂ ಇದೆ. ಮನೆ ಹಿತ್ತಲಿಗೆ ನನ್ನ ಮೊದಲ ಆಯ್ಕೆ ಹಲಸು. ಸಿಪ್ಪೆ ಕಳಚುವ ಪೇರಲೆಯಂಥ ಮರ ಬೇಡ. ಹೊಸದಾಗಿ ಆಸರೆ ಬೆಳೆಸುವುದಾದರೆ ಗ್ಲಿರಿಸಿಡಿಯಾ ಗೂಟ ಬೇಗ ಚಿಗುರುತ್ತದೆ, ಸೊಪ್ಪೂ ಗೊಬ್ಬರಕ್ಕಾಗುತ್ತದೆ. ಹಾಲವಾಣ ಹಿಂದೆ ಎಲ್ಲರ ನೆಚ್ಚಿನ ಮರವಾಗಿತ್ತು. ಎಲೆಗೆ ಗಂಟು ಕಟ್ಟುವ ಸಣ್ಣ ಕಣಜ ಬಂದಮೇಲೆ ಅದರ ಮೇಲಿನ ಭರವಸೆ ಹೋಗಿದೆ.

ತೆಂಗು ಬೆಳಕಿನ ದೃಷ್ಟಿಯಿಂದ ಒಳ್ಳೆಯದೇ. ಆದರೆ ಬಳ್ಳಿಯನ್ನು ಬುಡಕ್ಕೇ ಒತ್ತಿ ನೆಡಬಾರದು. ಅಲ್ಲಿ ತೆಂಗಿನ ಬೇರಿನ ದಟ್ಟಣೆ ಜಾಸ್ತಿ, ಪಾತಿಯ ನೀರೂ ಅಲ್ಲೇ. ನಾಲ್ಕೈದು ಅಡಿ ದೂರದಲ್ಲಿ, ಪಾತಿಯ ಹೊರಗೆ, ಎತ್ತರದ ಮಣ್ಣಲ್ಲಿ ನೆಟ್ಟು ಓರೆ ಕೋಲಿನ ಮೇಲೆ ಕಾಂಡಕ್ಕೆ ಹತ್ತಿಸಿ. ಬೇರೆ ಮರಗಳಿಗೆ ಒಂದಡಿ ದೂರ ಸಾಕು. ಯಾವ ಮರವಾದರೂ ಉತ್ತರದ ಬದಿ ಇರಲಿ, ಬೇಸಿಗೆಗೆ ಮೊದಲಿನ ಓರೆ ಬಿಸಿಲು ಬಡಿಯುವುದಿಲ್ಲ. ಕಾಯಿ ಕೀಳಲು ಬರುವ ಪಾಡೇಲಿಯ ಹತ್ತಿರವೂ ಮೊದಲೇ ಮಾತಾಡಿ. ಕಾಂಡದ ಸುತ್ತ ಬಳ್ಳಿ ಇದ್ದರೆ ಹತ್ತುವಾಗ ಕಾಲು ಜಾರುವ ಅಪಾಯ ಅವರದು. ಒಂದು ಬದಿ ಬಿಟ್ಟು ಹಬ್ಬಿಸಿ, ಇಲ್ಲವೇ ಏಣಿ ಕೊಡಿ.

ಯಜಮಾನರ ಪೈಪಿನ ಯೋಚನೆ ತಳ್ಳಿಹಾಕುವಂಥದ್ದಲ್ಲ. ವಿಯೆಟ್ನಾಂನಲ್ಲಿ ಕಾಂಕ್ರೀಟ್ ಮತ್ತು ಇಟ್ಟಿಗೆ ಕಂಬಗಳಿಗೆ ಮೆಣಸು ಹಬ್ಬಿಸುತ್ತಾರೆ. ಕಂಬ ಬೆಳಕಿಗೂ ಗೊಬ್ಬರಕ್ಕೂ ಸ್ಪರ್ಧೆ ಮಾಡದು, ಕೊಯ್ಲು ಕೈಗೆಟಕುತ್ತದೆ. ಆದರೆ ನುಣುಪು ಪೈಪಿಗೆ ಬೇರು ಹಿಡಿಯದು. ತೆಂಗಿನ ನಾರಿನ ಹಗ್ಗ ಅಥವಾ ನೆರಳು ಬಲೆಯನ್ನು ಸುತ್ತಬೇಕು. ಒಳಗೆ ಕಾಂಕ್ರೀಟ್ ತುಂಬಿ, ಎರಡು ಅಡಿಯಾದರೂ ಹೂತು, ಮೇಲೆ ಎಂಟು ಹತ್ತು ಅಡಿ ಬಿಡಿ. ಬಳ್ಳಿ ಒದ್ದೆಯಾದಾಗ ಭಾರ ಬಹಳ, ಮಳೆಗಾಳಿಗೆ ಸಡಿಲ ಕಂಬ ವಾಲುತ್ತದೆ. ಇನ್ನೊಂದು ತೊಂದರೆ ಬಿಸಿ. ಮಾರ್ಚ್‌ನಿಂದ ಮೇ ತನಕ ಬಯಲಲ್ಲಿ ನಿಂತ ಕಂಬ ಕಾದು ಎಳೆ ಬೇರು ಸುಡುತ್ತದೆ. ಮೊದಲ ಎರಡು ಬೇಸಿಗೆ ನೆರಳು ಕಟ್ಟಿ, ನೀರು ಹಾಯಿಸುವ ತಯಾರಿ ಇದ್ದರೆ ಮಾತ್ರ ಮಾಡಿ. ಬುಡದಲ್ಲಿ ನೀರು ನಿಂತರೆ ಕಂಬದ ಬಳ್ಳಿಯೂ ಹಾಗೇ ಸಾಯುತ್ತದೆ ಎಂಬುದು ನೆನಪಿರಲಿ.

ನರ್ಸರಿಯವರು ಕೊಲುಬ್ರಿನಂ ಬೇರಿನ ಮೇಲೆ ಕಸಿ ಮಾಡಿದ ಗಿಡ ತೋರಿಸಬಹುದು. ಇದು ದಕ್ಷಿಣ ಅಮೆರಿಕದ ಕಾಡು ಮೆಣಸು, ಜೌಗಿನಲ್ಲೂ ಬದುಕುತ್ತದೆ, ಸೊರಗು ರೋಗ ತಡೆಯುತ್ತದೆ. ಮಾತು ನಿಜ. ಆದರೆ ಅದಕ್ಕೆ ಬೇಸಿಗೆಯಲ್ಲೂ ತೇವ ಬೇಕು. ಕಸಿಯ ಗಂಟು ಮಣ್ಣಿನಲ್ಲಿ ಮುಚ್ಚಿದರೆ ಮೇಲಿನ ಮೆಣಸು ತನ್ನದೇ ಬೇರು ಬಿಟ್ಟು ಕಸಿಯ ಉಪಯೋಗ ಹೋಗುತ್ತದೆ. ಕೆಳಗಿನ ಚಿಗುರನ್ನು ಚಿವುಟುತ್ತಲೇ ಇರಬೇಕು. ನಿಮ್ಮ ತಗ್ಗಿನ ತೆಂಗಿನ ಜಾಗಕ್ಕೆ ಒಂದು ಕಸಿ ಗಿಡ ಪ್ರಯತ್ನಿಸಬಹುದು, ಮುಂದಿನ ವರ್ಷ. ಪಣಿಯೂರು–1 ತಳಿಯನ್ನು ಮಾವಿನ ನೆರಳಿಗೆ ಹಾಕಬೇಡಿ, ಅದಕ್ಕೆ ದಟ್ಟ ನೆರಳು ಆಗದು.

ನಿಮ್ಮ ಮಲ್ಲಿಗೆಸರವನ್ನು ಬಿಡಬೇಡಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ನಿಮ್ಮ ಕಡೆಯ ಬೆಟ್ಟಗಳ ಮೆಣಸಿನಿಂದಲೇ. ಆ ಸೀಮೆಯ ತಳಿ ಒಂದು ಹಿತ್ತಲಲ್ಲಾದರೂ ಉಳಿಯಲಿ ಎಂಬುದು ನನ್ನ ಆಸೆ. ಹೊಸ ಸಸಿ ಮಾಡಲು ಹಲಸಿನ ಬಳ್ಳಿಯನ್ನೇ ಆರಿಸಿ, ಹಳದಿ ಬಳ್ಳಿಯಿಂದ ಒಂದು ತುಂಡೂ ಬೇಡ. ಊರಿಂದ ಮತ್ತೆ ತರುವುದಾದರೆ ಮಣ್ಣಿನ ಚೀಲದ ಸಮೇತ ತರಬೇಡಿ, ಬರೀ ಬಳ್ಳಿ ತುಂಡು ತನ್ನಿ. ಜಂತುಹುಳು ಮಣ್ಣಿನ ಜೊತೆಗೇ ಪ್ರಯಾಣ ಮಾಡುತ್ತದೆ. ಹಲಸಿನ ಬುಡದಲ್ಲಿ ನೆಲದ ಮೇಲೆ ಹರಿದಾಡುವ ಹಬ್ಬುಬಳ್ಳಿಗಳು ಮಳೆಗಾಲದಲ್ಲಿ ರೋಗ ಹತ್ತಿಸಿಕೊಳ್ಳುವುದರಲ್ಲಿ ಮೊದಲು. ಬೇಡದ್ದನ್ನು ಕತ್ತರಿಸಿ. ಗಟ್ಟಿಯಾದ ಮೂರ್ನಾಲ್ಕನ್ನು ಈಗಲೇ ಒಂದು ಗಿಡ್ಡ ಕೋಲಿಗೆ ಸುತ್ತಿ, ನೆಲಕ್ಕೆ ತಾಗದಂತೆ ಕಟ್ಟಿಡಿ. ಫೆಬ್ರವರಿ–ಮಾರ್ಚ್‌ನಲ್ಲಿ ಅವನ್ನು ಎರಡು ಮೂರು ಗೆಣ್ಣಿನ ತುಂಡು ಮಾಡಿ ನೆರಳಲ್ಲಿ ಚೀಲಕ್ಕೆ ಊರಿದರೆ, ಮುಂದಿನ ಜೂನ್‌ಗೆ ನೆಡಲು ಸಸಿ ಸಿದ್ಧವಾಗುತ್ತದೆ.